ಹಿಂದಿನ ಕೆಂಪು ದೀಪ: ಹಳೆಯ ವಾಹನಗಳ ಬ್ರೇಕ್ ದೀಪದ ದೋಷಗಳು ಮತ್ತು ಅವುಗಳ ಪರೀಕ್ಷೆ

ವಾಹನದಲ್ಲಿರುವ ದೀಪಗಳ ಪೈಕಿ ಅದನ್ನು ನಡೆಸುವವನ ಕಣ್ಣಿಗೆ ಎಂದೂ ಬೀಳದ ದೀಪವೆಂದರೆ ಬ್ರೇಕ್ ದೀಪ. ಮುಂದಿನ ದೀಪ ಕೆಟ್ಟರೆ ಆ ರಾತ್ರಿಯೇ ದಾರಿ ಕಾಣದೆ ತಿಳಿದುಹೋಗುತ್ತದೆ. ತಿರುವು ಸೂಚಿಸುವ ದೀಪದ ಒಂದು ಬಲ್ಬು ಸುಟ್ಟರೆ ಅದರ ಟಿಕ್ ಟಿಕ್ ಸದ್ದಿನ ಲಯ ಬದಲಾಗಿ ಚಾಲಕನನ್ನು ಎಚ್ಚರಿಸುತ್ತದೆ. ಬ್ರೇಕ್ ದೀಪವಾದರೋ ಸದ್ದಿಲ್ಲದೆ ಕೆಡುತ್ತದೆ. ಕೆಟ್ಟಿರುವ ಸಂಗತಿ ಹಿಂದೆ ಬರುವವನಿಗೆ ಮಾತ್ರ ಗೊತ್ತು, ಅವನಿಗೂ ಗೊತ್ತಾಗುವುದು ಬಹುಮಟ್ಟಿಗೆ ತಡವಾಗಿಯೇ. ರಾಜಧಾನಿಯಂಥ ನಗರದಲ್ಲಿ, ಒಂದರ ಹಿಂದೊಂದು ಅಂಟಿಕೊಂಡಂತೆ ಸಾಗುವ ವಾಹನಗಳ ನಡುವೆ, ಈ ಪುಟ್ಟ ದೀಪದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳ ಹಾಗೂ ವೃದ್ಧರ ಕ್ಷೇಮ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಈ ದೀಪದ ದೋಷಗಳಲ್ಲಿ ಹೆಚ್ಚಿನವನ್ನು ವಾಹನದ ಒಡೆಯನು ತಾನೇ ಗುರುತಿಸಬಲ್ಲನು. ಅದಕ್ಕೆ ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಕ್ರಮವರಿತು ಲೆಕ್ಕ ನೋಡುವ ಅಭ್ಯಾಸವೊಂದಿದ್ದರೆ ಸಾಕು.

ಒಂದೂವರೆ ಸೆಕೆಂಡಿನ ಬೆಲೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ಮುಂದಿನ ವಾಹನದ ಕೆಂಪು ದೀಪವನ್ನು ಕಂಡು, ಅರ್ಥ ಮಾಡಿಕೊಂಡು, ಕಾಲನ್ನು ಬ್ರೇಕಿನ ಮೇಲೆ ಇಡುವಷ್ಟರಲ್ಲಿ ಸಾಮಾನ್ಯ ಚಾಲಕನಿಗೆ ಒಂದೂವರೆ ಸೆಕೆಂಡು ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, ಬ್ರೇಕು ಹಿಡಿಯುವ ಮೊದಲೇ 25 ಮೀಟರ್ ದಾರಿ ಸವೆದಿರುತ್ತದೆ. ವೇಗ 80 ಕಿಲೋಮೀಟರಾದರೆ ಈ ದೂರ 33 ಮೀಟರಿಗೇರುತ್ತದೆ. ಇದು ದೀಪ ಸರಿಯಾಗಿ ಹೊತ್ತಿದಾಗಿನ ಲೆಕ್ಕ. ದೀಪವೇ ಹೊತ್ತದಿದ್ದರೆ ಮುಂದಿನ ವಾಹನ ನಿಧಾನವಾಗುತ್ತಿದೆಯೆಂಬುದನ್ನು ಅದರ ಆಕಾರ ದೊಡ್ಡದಾಗುವುದರಿಂದಲೇ ಊಹಿಸಬೇಕು. ಹಗಲಿನಲ್ಲೇ ಕಷ್ಟವಾದ ಈ ಊಹೆ ದೆಹಲಿಯ ಡಿಸೆಂಬರ್-ಜನವರಿಯ ಮಂಜಿನಲ್ಲಿ ಅಸಾಧ್ಯವೇ ಸರಿ.

ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಹೋಗುವ 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿ 2012ರಲ್ಲಿ ಸಂಚಾರಕ್ಕೆ ತೆರೆಯಿತು. 2017ರ ನವೆಂಬರ್ 8ರಂದು ಅಲ್ಲಿ ಕವಿದ ದಟ್ಟ ಹೊಗೆಮಂಜಿನಲ್ಲಿ ಹದಿನೈದಕ್ಕೂ ಹೆಚ್ಚು ವಾಹನಗಳು ಒಂದರ ಬೆನ್ನಿಗೊಂದು ಅಪ್ಪಳಿಸಿದ ದೃಶ್ಯವನ್ನು ದೇಶವೆಲ್ಲ ಕಂಡಿತು. ಇಂಥ ಸರಣಿ ಅಪಘಾತಕ್ಕೆ ಬ್ರೇಕ್ ದೀಪವೊಂದೇ ಕಾರಣವೆನ್ನಲಾಗದು; ವೇಗವೂ ಮಂಜೂ ದೊಡ್ಡ ಕಾರಣಗಳು. ಆದರೆ ಮಂಜಿನಲ್ಲಿ ಮುಂದಿನ ವಾಹನದ ಇರವನ್ನು ತಿಳಿಸುವುದು ಅದರ ಕೆಂಪು ದೀಪಗಳು ಮಾತ್ರ. ಅಮೆರಿಕದಲ್ಲಿ 1986ರ ಮಾದರಿಯಿಂದ ಎಲ್ಲ ಪ್ರಯಾಣಿಕ ಕಾರುಗಳಿಗೂ ಹಿಂದಿನ ಗಾಜಿನ ಮಟ್ಟದಲ್ಲಿ ಮೂರನೆಯ ಬ್ರೇಕ್ ದೀಪವನ್ನು ಕಡ್ಡಾಯಗೊಳಿಸಲಾಯಿತು. ಅದರಿಂದ ಹಿಂಬದಿಯ ಅಪಘಾತಗಳು ದೀರ್ಘಾವಧಿಯಲ್ಲಿ ಶೇಕಡಾ 4ರಷ್ಟು ಇಳಿದವೆಂದು ಅಲ್ಲಿನ ಸರ್ಕಾರಿ ಸಮೀಕ್ಷೆ ಕಂಡುಕೊಂಡಿತು. ಎರಡು ದೀಪಗಳಿದ್ದ ಕಡೆ ಮೂರನೆಯದು ಬಂದಾಗಲೇ ಇಷ್ಟು ಲಾಭವಾದರೆ, ಇದ್ದ ಎರಡೂ ಆರಿಹೋದಾಗ ಆಗುವ ನಷ್ಟವನ್ನು ಓದುಗರೇ ಊಹಿಸಬಹುದು.

ಆರೋಗ್ಯದ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಹಿಂದಿನಿಂದ ಹೊಡೆತ ಬಿದ್ದಾಗ ಸೀಟು ದೇಹವನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಕ್ಷಣಕಾಲ ಹಿಂದೆ ಉಳಿದು, ಕತ್ತು ಚಾವಟಿಯಂತೆ ಹಿಂದಕ್ಕೂ ಮುಂದಕ್ಕೂ ಬಳುಕುತ್ತದೆ. ಕತ್ತಿನ ಸ್ನಾಯು ಹಾಗೂ ಬಂಧಕಗಳಿಗೆ ಆಗುವ ಈ ಪೆಟ್ಟಿನ ನೋವು ಆ ಗಳಿಗೆಯಲ್ಲಿ ತಿಳಿಯದೆ, ಒಂದೆರಡು ದಿನದ ಮೇಲೆ ಕಾಣಿಸಿಕೊಳ್ಳುವುದುಂಟು. ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಕೈಗಳಲ್ಲಿ ಜೋಮು, ಬಲಹೀನತೆ, ತೀವ್ರ ತಲೆನೋವು ಇದ್ದರೆ ವೈದ್ಯರನ್ನು ಕೂಡಲೆ ಕಾಣಬೇಕು. ಸೀಟಿನ ತಲೆದಿಂಬು ಬರಿಯ ಸುಖಕ್ಕಲ್ಲ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಸಮೀಪವಾಗಿ, ತಲೆಗೆ ಆದಷ್ಟು ಹತ್ತಿರವಿರಬೇಕು. ಹಿಂದೆ ಕುಳಿತವರೂ ಪಟ್ಟಿ ಬಿಗಿದುಕೊಳ್ಳಬೇಕು.

ವಿದ್ಯುತ್ತಿನ ಮಾರ್ಗ

ಬ್ರೇಕ್ ದೀಪದ ವಿದ್ಯುನ್ಮಂಡಲವು ವಾಹನದ ಮಂಡಲಗಳಲ್ಲೆಲ್ಲ ಅತ್ಯಂತ ಸರಳವಾದುದು. ಬ್ಯಾಟರಿಯ ಧನಧ್ರುವದಿಂದ ಹೊರಟ ವಿದ್ಯುತ್ತು ಫ್ಯೂಸನ್ನು ಹಾದು, ಬ್ರೇಕ್ ಪೆಡಲಿನ ಬಳಿಯ ಸ್ವಿಚ್ಚಿಗೆ ಬಂದು ಕಾದು ನಿಂತಿರುತ್ತದೆ. ಪೆಡಲನ್ನು ಒತ್ತಿದೊಡನೆ ಸ್ವಿಚ್ಚು ಕೂಡಿಕೊಂಡು, ತಂತಿಯ ಮೂಲಕ ವಿದ್ಯುತ್ತು ಹಿಂದಿನ ಬಲ್ಬುಗಳನ್ನು ಸೇರುತ್ತದೆ. ಬಲ್ಬಿನಿಂದ ಹೊರಬಿದ್ದು, ವಾಹನದ ಲೋಹದ ಒಡಲನ್ನೇ ದಾರಿ ಮಾಡಿಕೊಂಡು, ಬ್ಯಾಟರಿಯ ಋಣಧ್ರುವಕ್ಕೆ ಮರಳುತ್ತದೆ. ಈ ಮರಳುವ ದಾರಿಯನ್ನು ಮೆಕ್ಯಾನಿಕರು ಅರ್ಥ್ ಎನ್ನುತ್ತಾರೆ. ಹೊರಟದ್ದೆಲ್ಲ ಮರಳಬೇಕು, ಖರ್ಚಿಗೆ ತಕ್ಕ ಜಮಾ ಇರಲೇಬೇಕು. ಹೋಗುವ ದಾರಿಯನ್ನಷ್ಟೇ ಪರೀಕ್ಷಿಸಿ ಮರಳುವ ದಾರಿಯನ್ನು ಮರೆಯುವುದರಿಂದಲೇ ಅರ್ಧದಷ್ಟು ಶ್ರಮ ವ್ಯರ್ಥವಾಗುತ್ತದೆ.

ಹಿಂದಿನ ಬಲ್ಬು ಸಾಮಾನ್ಯವಾಗಿ 12 ವೋಲ್ಟ್, 21/5 ವಾಟಿನದು. ಒಂದೇ ಗಾಜಿನೊಳಗೆ ಎರಡು ತಂತುಗಳು: 5 ವಾಟಿನದು ರಾತ್ರಿಯಿಡೀ ಉರಿಯುವ ಹಿಂದೀಪಕ್ಕೆ, 21 ವಾಟಿನದು ಬ್ರೇಕಿಗೆ. ಕೆಲವು ವಾಹನಗಳಲ್ಲಿ ಬ್ರೇಕಿಗೆಂದೇ 21 ವಾಟಿನ ಪ್ರತ್ಯೇಕ ಬಲ್ಬಿರುತ್ತದೆ. 21 ವಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 1.75 ಆಂಪಿಯರ್; ಎರಡು ದೀಪಗಳಿಗೆ 3.5 ಆಂಪಿಯರ್. ಈ ಅಂಕಿಗಳು ಮುಂದೆ ಉಪಯೋಗಕ್ಕೆ ಬರುತ್ತವೆ.

ಸ್ವಿಚ್ಚುಗಳಲ್ಲಿ ಎರಡು ಬಗೆ. ಹಳೆಯ ಕಾಲದ ಅನೇಕ ಕಾರುಗಳಲ್ಲಿ ಬ್ರೇಕ್ ಎಣ್ಣೆಯ ಕೊಳವೆಗೇ ಕೂಡಿಸಿದ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ವಿಚ್ಚಿರುತ್ತಿತ್ತು. ಅದು ಹಳತಾದಂತೆ ಪೆಡಲನ್ನು ಬಲವಾಗಿ ತುಳಿದ ಹೊರತು ದೀಪ ಹೊತ್ತದು. ಅದರಿಂದ ಎಣ್ಣೆ ಜಿನುಗುವುದೂ ಉಂಟು. ಜಿನುಗುತ್ತಿದ್ದರೆ ಅದು ದೀಪದ ಪ್ರಶ್ನೆಯಲ್ಲ, ಬ್ರೇಕಿನದೇ ಪ್ರಶ್ನೆ; ವಾಹನವನ್ನು ಅಲ್ಲಿಯೇ ನಿಲ್ಲಿಸಬೇಕು. ಈಚಿನ ಕಾರುಗಳಲ್ಲಿ ಪೆಡಲಿನ ತೋಳಿಗೆ ಒತ್ತಿಕೊಂಡಿರುವ ಗುಂಡಿಯಂಥ ಸ್ವಿಚ್ಚಿರುತ್ತದೆ. ಪೆಡಲು ಮೇಲಿದ್ದಾಗ ಗುಂಡಿ ಒಳಗೆ, ದೀಪ ಆರಿರುತ್ತದೆ. ಪೆಡಲು ಇಳಿದಾಗ ಗುಂಡಿ ಹೊರಗೆ, ದೀಪ ಹೊತ್ತುತ್ತದೆ.

ಬೇಕಾಗುವ ಸಾಮಗ್ರಿ

ಒಂದು ಟೆಸ್ಟ್ ಲ್ಯಾಂಪು, ಒಂದು ಸಾಧಾರಣ ಮಲ್ಟಿಮೀಟರು, ತಕ್ಕ ಬಲ್ಬು ಮತ್ತು ಫ್ಯೂಸುಗಳು, ನಯವಾದ ಮರಳುಕಾಗದ, ಒಂದು ಸ್ಕ್ರೂಡ್ರೈವರ್ ಇಷ್ಟಿದ್ದರೆ ಸಾಕು. ಕಶ್ಮೀರಿ ಗೇಟಿನ ಮೋಟಾರು ಬಿಡಿಭಾಗಗಳ ಪೇಟೆಯಲ್ಲಾಗಲಿ ಕರೋಲ್ ಬಾಗಿನಲ್ಲಾಗಲಿ ಇವೆಲ್ಲ ಸುಲಭವಾಗಿ ದೊರೆಯುತ್ತವೆ; ಮರಳುಕಾಗದವನ್ನು ಇಲ್ಲಿ ರೇಗ್‌ಮಾರ್ ಎಂದು ಕೇಳಬೇಕು. ಹಳೆಯ ಬಲ್ಬನ್ನು ಜೊತೆಗೇ ಒಯ್ದು ತೋರಿಸುವುದು ಒಳ್ಳೆಯದು. ಎರಡು ತಂತುಗಳ ಬಲ್ಬಿನ ಪಕ್ಕದ ಮೊಳೆಗಳು ಸಮಮಟ್ಟದಲ್ಲಿರುವುದಿಲ್ಲ. ತಪ್ಪಾಗಿ ಕೂರಿಸಬಾರದೆಂದೇ ಆ ಏರ್ಪಾಡು.

ಪೆಡಲನ್ನು ಒತ್ತಿಹಿಡಿಯಲು ಎರಡನೆಯವರಿಲ್ಲದಿದ್ದರೆ, ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲನ್ನು ಊರೆ ಕೊಡಬಹುದು. ಪರೀಕ್ಷೆಯನ್ನು ಸಮತಟ್ಟಾದ ಜಾಗದಲ್ಲಿ, ಕೈಬ್ರೇಕು ಎಳೆದು, ಇಂಜಿನ್ ನಿಲ್ಲಿಸಿಯೇ ನಡೆಸಬೇಕು. ಮೊದಲು ಬ್ಯಾಟರಿಯನ್ನು ಅಳೆಯಬೇಕು. ವಿಶ್ರಾಂತ ಸ್ಥಿತಿಯಲ್ಲಿ 12.4ರಿಂದ 12.6 ವೋಲ್ಟ್ ಇದ್ದರೆ ಅದು ಸರಿಯಾಗಿದೆ.

ಲಕ್ಷಣದಿಂದ ಕಾರಣಕ್ಕೆ

ವೈದ್ಯನು ರೋಗಿಯ ಲಕ್ಷಣವನ್ನು ನೋಡಿ ಪರೀಕ್ಷೆಯ ದಿಕ್ಕನ್ನು ನಿರ್ಧರಿಸುವಂತೆ ಇಲ್ಲಿಯೂ ಲಕ್ಷಣವನ್ನೇ ಮೊದಲು ಗಮನಿಸಬೇಕು.

1. ಒಂದು ದೀಪ ಮಾತ್ರ ಹೊತ್ತದಿರುವುದು: ಇನ್ನೊಂದು ಹೊತ್ತುತ್ತಿರುವುದರಿಂದ ಫ್ಯೂಸು ಮತ್ತು ಸ್ವಿಚ್ಚು ನಿರ್ದೋಷಿಗಳು. ದೋಷ ಬಲ್ಬಿನಲ್ಲಿ, ಹೋಲ್ಡರಿನಲ್ಲಿ ಅಥವಾ ಆ ಬದಿಯ ಅರ್ಥಿನಲ್ಲಿದೆ. ಬಲ್ಬನ್ನು ತೆಗೆದು ತಂತು ತುಂಡಾಗಿದೆಯೇ, ಗಾಜು ಕಪ್ಪಾಗಿದೆಯೇ ನೋಡಬೇಕು. ಬಲ್ಬು ಸರಿಯಿದ್ದರೆ ಹೋಲ್ಡರಿನ ಒಳಗಣ ಹಿತ್ತಾಳೆ ನಾಲಗೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೆ ಅದರ ಸ್ಪ್ರಿಂಗು ಸೋತಿರುತ್ತದೆ. ವಿದ್ಯುತ್ತನ್ನು ಕಡಿದು, ಮರಳುಕಾಗದದಿಂದ ಹಗುರವಾಗಿ ಉಜ್ಜಿ, ನಾಲಗೆಯನ್ನು ಕೊಂಚ ಮೇಲೆತ್ತಬೇಕು.

2. ಎಲ್ಲ ದೀಪಗಳೂ ಹೊತ್ತದಿರುವುದು: ಮೊದಲು ಫ್ಯೂಸು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ, ಮೊನೆಯನ್ನು ಫ್ಯೂಸಿನ ಎರಡೂ ಬದಿಗೆ ತಾಗಿಸಬೇಕು. ಎರಡರಲ್ಲೂ ಹೊತ್ತಿದರೆ ಫ್ಯೂಸು ಸರಿ; ಒಂದರಲ್ಲಿ ಮಾತ್ರ ಹೊತ್ತಿದರೆ ಸುಟ್ಟಿದೆ. ಬಳಿಕ ಪೆಡಲಿನ ಸ್ವಿಚ್ಚು. ಎರಡು ತಂತಿಗಳ ಸ್ವಿಚ್ಚಾದರೆ ಒಂದರಲ್ಲಿ ಯಾವಾಗಲೂ, ಇನ್ನೊಂದರಲ್ಲಿ ಪೆಡಲನ್ನು ಒತ್ತಿದಾಗ ಮಾತ್ರ ವಿದ್ಯುತ್ತಿರಬೇಕು. ಒತ್ತಿದರೂ ಎರಡನೆಯದರಲ್ಲಿ ಬಾರದಿದ್ದರೆ ಸ್ವಿಚ್ಚು ಕೆಟ್ಟಿದೆ, ಅಥವಾ ಅದರ ಸ್ಥಾನ ತಪ್ಪಿದೆ. ಕೆಲವು ವಾಹನಗಳಲ್ಲಿ ಈ ಮಂಡಲಕ್ಕೆ ಚಾವಿ ತಿರುಗಿಸಿದ ಮೇಲಷ್ಟೇ ವಿದ್ಯುತ್ತು ಬರುತ್ತದೆಂಬುದನ್ನು ನೆನಪಿಡಬೇಕು. ಸ್ವಿಚ್ಚಿನಿಂದ ವಿದ್ಯುತ್ತು ಹೊರಟೂ ಹಿಂದಕ್ಕೆ ತಲುಪದಿದ್ದರೆ ನಡುವಣ ತಂತಿಯಲ್ಲೋ ಕೂಡುಗೂಟದಲ್ಲೋ ಕಡಿತವಿದೆ.

3. ಪೆಡಲು ಬಿಟ್ಟರೂ ದೀಪ ಆರದಿರುವುದು: ಹತ್ತು ವರ್ಷ ಮೀರಿದ ಕಾರುಗಳಲ್ಲಿ ಇದು ಅಪರೂಪವಲ್ಲ. ಸ್ವಿಚ್ಚಿನ ಗುಂಡಿ ಒತ್ತಿ ನಿಲ್ಲುವ ಜಾಗದಲ್ಲಿ ಪೆಡಲಿನ ತೋಳಿನ ರಂಧ್ರಕ್ಕೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಬಿರಡೆಯೊಂದಿರುತ್ತದೆ. ಬೇಸಗೆಯ ಶಾಖಕ್ಕೆ ಅದು ಒಣಗಿ ಪುಡಿಯಾಗಿ ಬಿದ್ದರೆ, ಗುಂಡಿ ರಂಧ್ರದೊಳಗೆ ತೂರಿಕೊಂಡು ದೀಪ ಸದಾ ಉರಿಯುತ್ತದೆ. ಚಾಲಕನ ಕಾಲಡಿಯಲ್ಲಿ ಬಿಸ್ಕತ್ತಿನ ಚೂರಿನಂಥ ತುಣುಕುಗಳು ಕಂಡರೆ ಅದೇ ಸಾಕ್ಷಿ. ಎರಡು ದೀಪ ರಾತ್ರಿ ಹತ್ತು ಗಂಟೆಗಳ ಕಾಲ ಉರಿದರೆ 35 ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೂ ಬಹುತೇಕ ಅಷ್ಟೇ. ಬೆಳಿಗ್ಗೆ ಇಂಜಿನ್ ಎದ್ದೇಳದಿದ್ದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಮುಖ್ಯವಾದುದು, ಸದಾ ಉರಿಯುವ ಬ್ರೇಕ್ ದೀಪವು ಹಿಂದಿನವನಿಗೆ ಏನನ್ನೂ ಹೇಳುವುದಿಲ್ಲ. ಅದು ಆರಿದ ದೀಪದಷ್ಟೇ ಅಪಾಯಕರ.

4. ಬ್ರೇಕ್ ಒತ್ತಿದಾಗ ಬೇರೆ ದೀಪಗಳು ಮಿನುಗುವುದು: ಬ್ರೇಕ್ ಒತ್ತಿದರೆ ತಿರುವಿನ ದೀಪ ಮಂಕಾಗಿ ಬೆಳಗುವುದು, ಹಿಂದೀಪ ಹೊತ್ತುವುದು ಮೊದಲಾದ ವಿಚಿತ್ರಗಳಿಗೆ ಮೂಲ ಸಾಮಾನ್ಯವಾಗಿ ಕೆಟ್ಟ ಅರ್ಥ್. ನೇರ ದಾರಿ ಮುಚ್ಚಿದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಅಡ್ಡದಾರಿ ಹಿಡಿದು ಮರಳುತ್ತದೆ. ಅರ್ಥ್ ತಂತಿಯ ಬೋಲ್ಟನ್ನು ಬಿಚ್ಚಿ, ಲೋಹದ ಹೊಳಪು ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಬೇಕು. ಅರ್ಥ್ ಸರಿಯಿದ್ದೂ ಬ್ರೇಕ್ ಒತ್ತಿದಾಗ ಮೀಟರುಗಳ ಹಿಂದಿನ ಬೆಳಕು ಸಹ ಹೊತ್ತಿದರೆ, ಬಲ್ಬಿನೊಳಗೆ ತುಂಡಾದ ತಂತುವೊಂದು ಇನ್ನೊಂದರ ಮೇಲೆ ಬಿದ್ದು ಎರಡನ್ನೂ ಕೂಡಿಸಿರುವ ಸಂಭವವಿದೆ.

5. ಪೆಡಲು ಒತ್ತಿದೊಡನೆ ಫ್ಯೂಸು ಸುಡುವುದು: ಸ್ವಿಚ್ಚಿನಿಂದಾಚೆ ಎಲ್ಲಿಯೋ ತಂತಿಯ ಹೊದಿಕೆ ಹರಿದು ಲೋಹಕ್ಕೆ ತಾಗುತ್ತಿದೆ. ಹಿಂದಿನ ಡಿಕ್ಕಿಯ ಮುಚ್ಚಳದ ಕೀಲಿನ ಬಳಿ ಬಗ್ಗಿ ಬಗ್ಗಿ ಸವೆದ ತಂತಿ, ಇಲಿ ಕಡಿದ ತಂತಿ, ಹಿಂದೆ ಯಾರೋ ಪಟ್ಟಿ ಸುತ್ತಿ ಬಿಟ್ಟ ಜೋಡಣೆ, ಇವು ಮೊದಲು ನೋಡಬೇಕಾದ ಸ್ಥಳಗಳು. ಒಂದೊಂದಾಗಿ ಫ್ಯೂಸು ಸುಡುತ್ತ ಹೋಗುವ ಬದಲು, ಫ್ಯೂಸಿನ ಜಾಗದಲ್ಲಿ 21 ವಾಟಿನ ಬಲ್ಬೊಂದನ್ನು ತಾತ್ಕಾಲಿಕವಾಗಿ ಕೂಡಿಸಿದರೆ, ಎಷ್ಟೇ ದೊಡ್ಡ ದೋಷವಿದ್ದರೂ ಎರಡು ಆಂಪಿಯರಿನ ಆಸುಪಾಸನ್ನು ಮೀರಿ ವಿದ್ಯುತ್ತು ಹರಿಯದು. ತಂತಿ ಲೋಹಕ್ಕೆ ತಾಗುತ್ತಿರುವವರೆಗೂ ಆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಹಿಂದಿನ ಬಲ್ಬುಗಳನ್ನು ಕಳಚಿಟ್ಟು, ಕೂಡುಗೂಟಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದರೆ, ಯಾವುದನ್ನು ಬಿಚ್ಚಿದಾಗ ಅದು ಆರುತ್ತದೆಯೋ ಅದರಾಚೆಯ ಭಾಗದಲ್ಲಿಯೇ ದೋಷವಿದೆ.

ವೋಲ್ಟೇಜಿನ ಜಮಾಖರ್ಚು

ದೀಪ ಹೊತ್ತುತ್ತದೆ, ಆದರೆ ಮಂಕಾಗಿದೆ. ಜನರು ಅಲಕ್ಷಿಸುವ ದೋಷವಿದು. ಮಂಜಿನಲ್ಲಿ ಪ್ರಾಣಕ್ಕೆರವಾಗುವುದೂ ಇದೇ. ಇಲ್ಲಿ ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ. ಸ್ಥಾನಕ್ಕೆ ತಿರುಗಿಸಿ, ಪೆಡಲನ್ನು ಒತ್ತಿಹಿಡಿದು, ನಾಲ್ಕು ಅಳತೆಗಳನ್ನು ಬರೆದುಕೊಳ್ಳಬೇಕು.

ಉದಾಹರಣೆಗೆ, ಬ್ಯಾಟರಿಯ ಎರಡು ಧ್ರುವಗಳ ನಡುವೆ 12.4 ವೋಲ್ಟ್ ಇದೆಯೆಂದಿಟ್ಟುಕೊಳ್ಳೋಣ. ಬಲ್ಬಿನ ಎರಡು ತುದಿಗಳ ನಡುವೆ 9.8 ಮಾತ್ರ ಸಿಗುತ್ತದೆ. ಉಳಿದ 2.6 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿಯ ಧನಧ್ರುವದಿಂದ ಬಲ್ಬಿನ ನಾಲಗೆಯವರೆಗೆ ಅಳೆದರೆ 0.4. ಬಲ್ಬಿನ ಹೋಲ್ಡರಿನ ಲೋಹದಿಂದ ಬ್ಯಾಟರಿಯ ಋಣಧ್ರುವದವರೆಗೆ ಅಳೆದರೆ 2.2. ಈಗ ಲೆಕ್ಕ ತಾಳೆಯಾಯಿತು: 0.4, 9.8, 2.2 ಕೂಡಿದರೆ 12.4. ಕಳ್ಳ ಅರ್ಥಿನಲ್ಲಿದ್ದಾನೆ. ಅರ್ಥಿನ ಕಡೆ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚಿನ ನಷ್ಟ ಕಂಡರೆ ಅಲ್ಲಿ ತುಕ್ಕನ್ನು ಹುಡುಕಬೇಕು.

2.6 ವೋಲ್ಟ್ ಅಲ್ಪವೆಂದು ತೋರಬಹುದು. ಆದರೆ ತಂತುವಿನ ಬಲ್ಬಿನಲ್ಲಿ ಬೆಳಕು ವೋಲ್ಟೇಜಿನ ಪ್ರಮಾಣಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. 12 ವೋಲ್ಟಿನ ಬಲ್ಬಿಗೆ 9.8 ಸಿಕ್ಕರೆ ಬೆಳಕು ಸುಮಾರು ಅರ್ಧಕ್ಕಿಳಿಯುತ್ತದೆ. ನಷ್ಟವಾದ ವಿದ್ಯುತ್ತು ಕಿಲುಬು ಹಿಡಿದ ಜೋಡಣೆಯಲ್ಲಿ ಶಾಖವಾಗಿ, ಪ್ಲಾಸ್ಟಿಕ್ಕಿನ ಹೋಲ್ಡರನ್ನು ಮೆಲ್ಲಗೆ ಕರಗಿಸುತ್ತದೆ. ಜೋಡಣೆ ಇನ್ನಷ್ಟು ಹಾಳಾಗುತ್ತದೆ. ಇದು ಚಕ್ರಬಡ್ಡಿಯ ಸಾಲದಂತೆ ತಾನಾಗಿ ತೀರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಮಾಡಬಾರದ ಕೆಲಸಗಳು

ಸುಟ್ಟ ಫ್ಯೂಸಿನ ಬದಲಿಗೆ ಹೆಚ್ಚಿನ ಆಂಪಿಯರಿನದನ್ನಾಗಲಿ, ತಂತಿಯ ಚೂರನ್ನಾಗಲಿ, ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನಾಗಲಿ ಎಂದೂ ಹಾಕಬಾರದು. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ; ತಂತಿಯ ಪಕ್ಕದಲ್ಲೇ ಪೆಟ್ರೋಲು ಟ್ಯಾಂಕಿರುತ್ತದೆ.

ಸ್ವಿಚ್ಚಿಗೆ ನಾಲ್ಕು ತಂತಿಗಳಿದ್ದರೆ ಅದು ದೀಪಕ್ಕಲ್ಲದೆ ಇಂಜಿನ್ನಿನ ಗಣಕಕ್ಕೂ ಸುದ್ದಿ ಮುಟ್ಟಿಸುತ್ತದೆ. ಅಂಥದರಲ್ಲಿ ಕಂಡ ಕಂಡ ತಂತಿಗಳನ್ನು ಕೂಡಿಸಿ ನೋಡುವುದು ಸಲ್ಲದು. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಗಾಳಿಚೀಲಕ್ಕೆ ಸೇರಿದವು. ಅವುಗಳಿಗೆ ಟೆಸ್ಟ್ ಲ್ಯಾಂಪನ್ನು ಸೋಕಿಸಲೇಬಾರದು. ಸ್ವಿಚ್ಚಿನ ಸ್ಥಾನವನ್ನು ಸರಿಪಡಿಸುವಾಗ ಅದನ್ನು ಅತಿಯಾಗಿ ಮುಂದೆ ತಂದರೆ ಪೆಡಲು ಪೂರ್ತಿ ಮೇಲೇಳದೆ ಬ್ರೇಕು ಸದಾ ಹಿಡಿದಿರುವ ಅಪಾಯವಿದೆ. ತಂತಿಯ ಬಣ್ಣವನ್ನೇ ನಂಬಿ ಕೆಲಸ ಮಾಡಬಾರದು: ಬ್ರಿಟಿಷ್ ಪದ್ಧತಿಯ ಹಳೆಯ ಕಾರುಗಳಲ್ಲಿ ಹಸಿರಿನ ಮೇಲೆ ನೇರಳೆ ಗೆರೆಯಿರುವ ತಂತಿ ಬ್ರೇಕ್ ದೀಪದ್ದು, ಕಪ್ಪು ಅರ್ಥಿನದು, ಜಪಾನಿ, ಕೊರಿಯನ್ ಕಾರುಗಳ ಕ್ರಮವೇ ಬೇರೆ, ಹತ್ತು ಕೈ ದಾಟಿದ ವಾಹನದಲ್ಲಂತೂ ಯಾವ ಕ್ರಮವೂ ಉಳಿದಿರುವುದಿಲ್ಲ.

ರಾಜಧಾನಿಯ ಋತುಗಳು

ದೆಹಲಿಯ ಹವೆ ವಾಹನದ ತಂತಿಗಳಿಗೆ ಮೂರು ಬಗೆಯ ಪೆಟ್ಟು ಕೊಡುತ್ತದೆ. ಬೇಸಗೆಯ ಬಿಸಿಗೆ ಹೊದಿಕೆಯೂ ರಬ್ಬರೂ ಒಣಗಿ ಬಿರಿಯುತ್ತವೆ. ಮಳೆಗಾಲದಲ್ಲಿ ಮಿಂಟೊ ಸೇತುವೆಯಂಥ ತಗ್ಗುಗಳಲ್ಲಿ ನಿಲ್ಲುವ ನೀರು ಹಿಂದೀಪದ ಗೂಡಿನೊಳಗೆ ಸೇರಿ ಕಿಲುಬು ಹಿಡಿಸುತ್ತದೆ. ದೀಪದ ಕೆಂಪು ಗಾಜಿನೊಳಗೆ ಹನಿಗಟ್ಟಿದ್ದು ಕಂಡರೆ ಅಂಚಿನ ರಬ್ಬರ್ ಪಟ್ಟಿ ಸೋತಿದೆಯೆಂದರ್ಥ. ಚಳಿಗಾಲದಲ್ಲಿ ಇಂಜಿನ್ನಿನ ಬೆಚ್ಚಗಿನ ಆಶ್ರಯ ಹುಡುಕಿ ಬರುವ ಇಲಿಗಳು ತಂತಿಗಳನ್ನು ಕಡಿಯುತ್ತವೆ. ಈ ಮೂರರ ಫಲವೂ ಬೆಳಕಿಗೆ ಬರುವುದು ಮಂಜಿನ ದಿನಗಳಲ್ಲಿ, ಅಂದರೆ ದೀಪದ ಅಗತ್ಯ ಅತ್ಯಧಿಕವಾಗಿರುವಾಗ.

ಹಳೆಯ ವಾಹನಗಳ ಆಯುಷ್ಯದ ಬಗ್ಗೆ ರಾಜಧಾನಿ ವಲಯದಲ್ಲಿ ಪ್ರತ್ಯೇಕ ನಿರ್ಬಂಧಗಳಿವೆ. ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ನೀಡಿದ ಆದೇಶಗಳನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿತು. 2025ರಲ್ಲಿ ಈ ವಿಷಯ ಮತ್ತೆ ಆ ನ್ಯಾಯಾಲಯದ ಮುಂದೆ ಬಂದಿತು. ಆದ್ದರಿಂದ ತಮ್ಮ ವಾಹನಕ್ಕೆ ಅನ್ವಯಿಸುವ ನಿಯಮವನ್ನು ಸಾರಿಗೆ ಇಲಾಖೆಯಿಂದಲೇ ತಿಳಿದುಕೊಳ್ಳುವುದು ಉಚಿತ. ರಸ್ತೆಗಿಳಿಯಲು ಅರ್ಹವಾದ ಹತ್ತು-ಹನ್ನೆರಡು ವರ್ಷದ ವಾಹನಕ್ಕೆ ಮಾತ್ರ ವಯಸ್ಸಿನ ನೆಪದಲ್ಲಿ ದೀಪದ ರಿಯಾಯಿತಿ ಇಲ್ಲ. ಬ್ರೇಕ್ ದೀಪವು ಕೇಂದ್ರೀಯ ಮೋಟಾರು ವಾಹನ ನಿಯಮಗಳ ಪ್ರಕಾರ ಕಡ್ಡಾಯ.

ಪ್ರತಿ ತಿಂಗಳು ಒಂದು ಸಂಜೆ ವಾಹನವನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಪೆಡಲನ್ನು ಒತ್ತಿ, ಕನ್ನಡಿಯಲ್ಲಿ ಗೋಡೆಯ ಮೇಲಿನ ಕೆಂಪು ಬೆಳಕನ್ನು ನೋಡಿದರೆ ಸಾಕು. ಎಡಬಲಗಳ ವ್ಯತ್ಯಾಸವೂ ಅಲ್ಲೇ ತಿಳಿಯುತ್ತದೆ. ಇದಕ್ಕೆ ಅರ್ಧ ನಿಮಿಷ ಬೇಕಿಲ್ಲ. ವರ್ಷಕ್ಕೊಮ್ಮೆ ಮಾಡಬೇಕಾದ ಪೂರ್ಣ ಪರೀಕ್ಷೆಗೆ ಕನ್ನಡಿಗರಿಗೆ ದಿನ ಹುಡುಕುವ ತೊಂದರೆಯೂ ಇಲ್ಲ. ಆಯುಧಪೂಜೆ ಬರುವುದು ಮಳೆ ನಿಂತ ಮೇಲೆ, ಮಂಜು ಕವಿಯುವ ಮುನ್ನ. ಅಂದು ವಾಹನವನ್ನು ತೊಳೆದು, ಕುಂಕುಮವಿಟ್ಟು, ಹೂವು ಮುಡಿಸಿ, ಚಕ್ರದಡಿಗೆ ನಿಂಬೆಹಣ್ಣು ಇಡುವ ಮುಂಚೆ, ಬಲ್ಬುಗಳನ್ನು ತೆಗೆದು ಕಿಲುಬು ಉಜ್ಜಿ, ಅರ್ಥಿನ ಬೋಲ್ಟು ಬಿಗಿದು, ವೋಲ್ಟೇಜಿನ ಲೆಕ್ಕವನ್ನು ತಾಳೆ ನೋಡಿದರೆ ಆ ಪೂಜೆ ಸಾಂಗವಾಗುತ್ತದೆ.